ಹಿಟ್ಟಿನ ಮುದ್ದಣ್ಣ

ಮುದ್ದಣ್ಣ ಅತ್ತ. ಅವನು ಮಾಡಿದ ತಪ್ಪು ಅಷ್ಟೇ.

ನಾಸಿಕದ ಆ ಹೋಟೆಲಿನ ಹಿತ್ತಿಲಲ್ಲಿ ನಾವಿಬ್ಬರೂ ಮುಸುರೆ ತಿಕ್ಕುತ್ತಿದ್ದೆವು. ಒಂದು ತೊಟ್ಟಿ, ಎದುರುಬದುರು ಎರಡು ಕಲ್ಲು. ಒಂದರ ಮೇಲೆ ಅವನು, ಇನ್ನೊಂದರ ಮೇಲೆ ನಾನು. ಇಬ್ಬರೂ ಉಡುಪಿಯ ಕಡೆಯವರು, ಒಂದೇ ಜಾತಿಯವರು. ಯಾವ ಜಾತಿ ಎಂದು ಕೇಳಬೇಡಿ. ಅಡುಗೆಮನೆಯ ಹೊಸ್ತಿಲು ದಾಟಬಾರದ ಜಾತಿ ಎಂದರೆ ಸಾಕು. ಎಂಜಲು ತಟ್ಟೆ ನಮ್ಮ ಕಡೆಗೆ ಬರುತ್ತಿತ್ತು. ತೊಳೆದ ತಟ್ಟೆಯನ್ನು ನಾವು ಹೊಸ್ತಿಲ ಹೊರಗೆ ಇಡುತ್ತಿದ್ದೆವು. ಒಳಗಿನಿಂದ ಒಬ್ಬರು ಬಂದು ಅದರ ಮೇಲೆ ನೀರು ಚಿಮುಕಿಸಿ ಒಯ್ಯುತ್ತಿದ್ದರು. ನಾವು ತೊಳೆದದ್ದನ್ನು ಅವರು ಮತ್ತೆ ತೊಳೆಯಬೇಕು. ಆ ತಟ್ಟೆಯಲ್ಲಿ ತಿಂದು ಹೋದವನ ಜಾತಿಯನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ, ಅವನು ದುಡ್ಡು ಕೊಟ್ಟಿರುತ್ತಿದ್ದ.

ಬೂದಿ, ತೆಂಗಿನ ನಾರು, ತಣ್ಣೀರು. ಬೆಳಕು ಹರಿಯುವ ಮೊದಲು ಕೈ ನೀರಿಗೆ ಹಾಕಿದರೆ ರಾತ್ರಿ ತೆಗೆಯುವುದು. ಬೆರಳ ಸಂದಿ ಕೊಳೆತು ಬಿಳಿಯಾಗುತ್ತಿತ್ತು. ಊಟ ಕಲಸುವಾಗ ಉಪ್ಪಿನಕಾಯಿ ತಾಗಿದರೆ ಜೀವ ಹೋದ ಹಾಗಾಗುತ್ತಿತ್ತು. ಮುದ್ದಣ್ಣ ನಗುತ್ತಿದ್ದ. "ಶೀನ, ನಮ್ಮ ಕೈಗೆ ಉಪ್ಪಿನಕಾಯಿ ಆಗುದಿಲ್ಲ ಮಾರಾಯ, ನಮ್ಮದು ದೊಡ್ಡವರ ಕೈ," ಎನ್ನುತ್ತಿದ್ದ. ಆಗ ಅವನಿಗೆ ನಗು ಬರುತ್ತಿತ್ತು. ಊರಿನಲ್ಲಿ ಹೆಂಡತಿ ವಸಂತಿ ಬಸುರಿ ಇದ್ದಳು.

ಎಪ್ಪತ್ತಮೂರರ ಶ್ರಾವಣದಲ್ಲಿ ಊರಿನಿಂದ ಕೆಲಸ ಹುಡುಕಿಕೊಂಡು ಒಬ್ಬ ಬಂದ. ಹಿತ್ತಿಲಿಗೆ ಬಂದು ನಿಂತು, ಮುಖ ನೋಡದೆ ಹೇಳಿದ. ಹೆರಿಗೆಯಲ್ಲಿ ವಸಂತಿ ಹೋದಳು, ಮಗುವೂ ಉಳಿಯಲಿಲ್ಲ. ಮಣ್ಣು ಮಾಡಿ ಆಯಿತು.

ಮುದ್ದಣ್ಣ ಕೈಯಲ್ಲಿದ್ದ ತಟ್ಟೆಯನ್ನು ಪೂರ್ತಿ ತಿಕ್ಕಿ ಮುಗಿಸಿದ. ತೊಳೆದ. ಇಟ್ಟ. ಆಮೇಲೆ ಕೈ ಒರೆಸಿಕೊಂಡು ಧನಿಗಳ ಹತ್ತಿರ ಹೋದ. ನಾನೂ ಹಿಂದೆ ಹೋದೆ.

ಧನಿ ಎಂದರೆ ಹರಿದಾಸ ರಾಯರು. ನಾಸಿಕದಲ್ಲಿ ಒಂದು ಹೋಟೆಲು, ಔರಂಗಾಬಾದಿನ ಸ್ಟೇಷನ್ ರೋಡಿನಲ್ಲಿ ಹೊಸದಾಗಿ ಇನ್ನೊಂದು. ಕೆಟ್ಟವರೇ ಎಂದು ಕೇಳಿದರೆ ಊರಿನವರು ಅಲ್ಲ ಎನ್ನುತ್ತಾರೆ. ದೇವಸ್ಥಾನಕ್ಕೆ ಕೊಡುತ್ತಿದ್ದರು. ಕೆಲಸವಿಲ್ಲದೆ ಬಂದವನಿಗೆ ಮೊದಲು ಊಟ ಹಾಕುತ್ತಿದ್ದರು. ಅವರ ಒಳ್ಳೆಯತನ ಯಾವಾಗಲೂ ನಮ್ಮ ಹೊಟ್ಟೆಯವರೆಗೆ ಬಂದು ಅಲ್ಲೇ ನಿಲ್ಲುತ್ತಿತ್ತು.

"ಧನಿಗಳೇ, ಊರಿಗೆ ಹೋಗ್ಲಿಕ್ಕುಂಟು," ಎಂದ ಮುದ್ದಣ್ಣ.

"ಗೊತ್ತಾಯ್ತು. ಪಾಪ," ಎಂದರು ಅವರು. "ಆದ್ರೆ ನೀನು ಹೋಗಿ ಎಂತ ಮಾಡ್ತಿ? ಎಲ್ಲ ಮುಗ್ದಾಗಿದೆ. ಈಗ ಶ್ರಾವಣ. ಸೋಮವಾರ ಬಂದ್ರೆ ತ್ರ್ಯಂಬಕಕ್ಕೆ ಹೋಗುವ ಜನ ಎಲ್ಲ ಇಲ್ಲಿಯೇ ಬಂದು ಬೀಳ್ತಾರೆ. ಶ್ರಾವಣ ಮುಗೀಲಿ, ನೋಡುವ."

ಮುದ್ದಣ್ಣ ತಿರುಗಿ ಬಂದು ಕಲ್ಲಿನ ಮೇಲೆ ಕೂತ. ಅಂದು ಸೋಮವಾರವೇ. ಉಪವಾಸದವರು ತಿಂದ ಸಾಬಕ್ಕಿ ಖಿಚಡಿಯ ತಟ್ಟೆಗಳು ಗುಡ್ಡದ ಹಾಗೆ ಬಿದ್ದಿದ್ದವು. ಒಂದು ತಟ್ಟೆ ಎತ್ತಿಕೊಂಡ. ಅಳತೊಡಗಿದ.

ಸಣ್ಣಗೆ ಅಲ್ಲ. ಬಾಯಿ ತೆರೆದು, ಎದೆ ಕಿತ್ತು ಬರುವ ಹಾಗೆ. ಕೈ ಮಾತ್ರ ತಿಕ್ಕುತ್ತಲೇ ಇತ್ತು.

ಗಲ್ಲಾಪೆಟ್ಟಿಗೆಯ ಮುಂದೆ ಕೂರುವ ಕೃಷ್ಣರಾಜ ಎದ್ದು ಬಂದ. ಧನಿಗಳ ಅಳಿಯ, ಹೋಟೆಲಿನ ಮ್ಯಾನೇಜರ್. "ಏ, ಎಂಥ ಇದು? ಹೊರಗೆ ಗಿರಾಕಿಗಳು ಕೂತಿದ್ದಾರೆ. ಗಂಡಸಾ ನೀನು? ಸೀರೆ ತರಿಸ್ಲಾ?" ಎಂದ. ಒಳಗಿನವರು ನಕ್ಕರು. ಅಡುಗೆಯ ಭಟ್ಟರು, ಅನ್ನದ ಒಲೆ ಉರಿಯುವಾಗ ಅತ್ತರೆ ಅಪಶಕುನ ಎಂದರು. ಅಂದಿನಿಂದ ಹೋಟೆಲಿನ ಒಳಗೆ ಅಳಬಾರದೆಂದು ಕಟ್ಟಪ್ಪಣೆಯಾಯಿತು. ಬೀಡಿ ಸೇದಬಾರದು, ಉಗುಳಬಾರದು, ಅಳಬಾರದು.

ಮುದ್ದಣ್ಣ ಅಳು ನಿಲ್ಲಿಸಿದ. ಊಟವನ್ನೂ ನಿಲ್ಲಿಸಿದ. ಮಲಗಿದರೆ ಕಣ್ಣು ತೆರೆದೇ ಇರುತ್ತಿತ್ತು. ನನ್ನ ಹತ್ತಿರ ಮಾತ್ರ ಮಾತಾಡುತ್ತಿದ್ದ, ಅದೂ ಒಂದೇ ಮಾತು. "ಶೀನ, ನನಗೆ ಆಗುದಿಲ್ಲ." ಏನು ಆಗುವುದಿಲ್ಲ ಎಂದು ನಾನು ಕೇಳುತ್ತಿದ್ದೆ. ಅವನು ಕೈಯನ್ನು ಎದೆಯ ಮೇಲೆ ಇಟ್ಟು ತೋರಿಸುತ್ತಿದ್ದ. ವಸಂತಿಯ ಬಗ್ಗೆ ಕೇಳಿದರೆ ಹೇಳುತ್ತಿದ್ದ. ಅವಳು ಗಂಜಿ ಹೇಗೆ ಬಡಿಸುತ್ತಿದ್ದಳು, ಅವನು ಹೊರಡುವಾಗ ಏನು ಹೇಳಿದಳು. ಹೇಳಿದ ದಿನ ಎರಡು ತುತ್ತು ತಿನ್ನುತ್ತಿದ್ದ. ಹಾಗಾಗಿ ನಾನು ದಿನಾ ಕೇಳುತ್ತಿದ್ದೆ.

ಒಂದು ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ ಅವನು ಕಾಣಲಿಲ್ಲ. ನಾನು ಓಡಿದೆ. ಗೋದಾವರಿಯನ್ನು ಇಲ್ಲಿ ಗಂಗೆ ಎನ್ನುತ್ತಾರೆ. ಆ ಗಂಗೆಯಲ್ಲಿ ಅವನು ಬಟ್ಟೆ ಹಾಕಿಕೊಂಡೇ ಇಳಿದಿದ್ದ. ಹಿಡಿದು ಎಳೆದೆ. ಅವನು ಜಗಳ ಮಾಡಲಿಲ್ಲ. ಎಳೆದತ್ತ ಬಂದ. ಒಂದು ಕೈ ಬಂದು ಎಳೆಯಲಿ ಎಂದೇ ಅಲ್ಲಿ ನಿಂತವನ ಹಾಗೆ ಬಂದ. ಇದನ್ನು ನಾನು ಇಂದಿಗೂ ಎಲ್ಲರಿಗೂ ಹೇಳುತ್ತೇನೆ. ಸಾಯಲು ಹೋದವನು ಎಳೆದರೆ ಬರುತ್ತಾನೆ.

ಘಾಟಿನಲ್ಲಿದ್ದ ಪೊಲೀಸಿನವನು ನಮ್ಮನ್ನು ಹಿಡಿದ. ಸಾಯಲು ಹೋಗುವುದು ಅಪರಾಧ. ಸತ್ತರೆ ಏನೂ ಇಲ್ಲ, ಬದುಕಿ ಉಳಿದರೆ ಜೈಲು. ಇಂಥ ಕಾನೂನು ಬರೆದವನ ಹೆಂಡತಿ ಹೆರಿಗೆಯಲ್ಲಿ ಸತ್ತಿರಲಾರಳು. ಧನಿಗಳು ಬಂದು, ಕಾಲು ಜಾರಿದ್ದು ಎಂದು ಹೇಳಿ ಬಿಡಿಸಿಕೊಂಡರು. ಹಿತ್ತಿಲಿಗೆ ಬಂದ ಮೇಲೆ ಮುದ್ದಣ್ಣನ ಕೆನ್ನೆಗೆ ಹೊಡೆದರು. "ನನ್ನ ಹೋಟೆಲಿನ ಹೆಸರು ಹಾಳು ಮಾಡ್ಲಿಕ್ಕೆ ಹೊರಟಿದ್ದೀಯಾ? ಈ ವಿಷಯ ಯಾರೂ ಬಾಯಿ ಬಿಡಬಾರ್ದು. ಅವನ ಹತ್ರವೂ ಮಾತಾಡಬಾರ್ದು. ಮಾತಾಡಿದಷ್ಟೂ ಅದು ಹೆಚ್ಚಾಗುದು."

"ಧನಿಗಳೇ, ಅವನು ಮಾತಾಡಿದ್ರೆ ಊಟ ಮಾಡ್ತಾನೆ," ಎಂದೆ ನಾನು.

"ನಿನ್ನಿಂದಲೇ ಅವನು ಹಾಳಾದದ್ದು," ಎಂದರು. "ನೀನು ನಾಳೆ ಔರಂಗಾಬಾದಿಗೆ ಹೊರಡು. ಅಲ್ಲಿ ಮುಸುರೆಗೆ ಜನ ಇಲ್ಲ."

ಹೊರಡುವ ಮುಂಚೆ ನಾನು ಜಯಕರನನ್ನು ಕರೆದೆ. ಅವನು ಸಪ್ಲೈಯರ್. ಜಾತಿಯಲ್ಲಿ ನಮಗಿಂತ ಮೇಲೆ, ಅಡುಗೆಮನೆಗೂ ಮೇಜಿಗೂ ಓಡಾಡುವವನು. ಬಾಯಿ ಜೋರು, ಯಾರನ್ನು ಬೇಕಾದರೂ ಅಣಕಿಸಿ ನಗಿಸುತ್ತಿದ್ದ. ಮನಸ್ಸು ಕೆಟ್ಟದ್ದಲ್ಲ. "ಜಯಕರ, ಅವನ ಹತ್ರ ಸ್ವಲ್ಪ ಕೂತ್ಕೊ. ಅವನ ಹೆಂಡತಿಯ ವಿಷಯ ಕೇಳು. ಎಂತ ಹೇಳಿದ್ರೂ ಕೇಳ್ತಾ ಇರು," ಎಂದೆ. ಆಗಲಿ ಎಂದ.

ಔರಂಗಾಬಾದಿನಲ್ಲಿ ತೊಟ್ಟಿ ಹೊಸದು, ಎಂಜಲು ಅದೇ. ಎದುರಿನ ಕಲ್ಲಿನ ಮೇಲೆ ಯಾರೂ ಇರಲಿಲ್ಲ. ಶ್ರಾವಣ ಮುಗಿಯುವ ಮುಂಚೆಯೇ ನನ್ನನ್ನು ವಾಪಸು ಕರೆಸಿದರು. ನಾಸಿಕದಲ್ಲಿ ತೊಟ್ಟಿಗೆ ಜನ ಇಲ್ಲ ಎಂದರು. ಯಾಕೆ ಇಲ್ಲ ಎಂದು ಬಸ್ಸಿನಿಂದ ಇಳಿದ ಮೇಲೆ ಗೊತ್ತಾಯಿತು. ಗಂಗೆಯಲ್ಲಿ ಎರಡನೆಯ ಸಲ ಎಳೆಯುವ ಕೈ ಇರಲಿಲ್ಲ. ಸುಟ್ಟೂ ಆಗಿತ್ತು. ಪೊಲೀಸಿನವರ ಹತ್ತಿರ ಮತ್ತೆ ಕಾಲು ಜಾರಿದ್ದು ಎಂದೇ ಹೇಳಿದ್ದರು. ಮುದ್ದಣ್ಣನ ಕಾಲು ಎಷ್ಟು ಸಲ ಜಾರುತ್ತದೆಯೋ.

ನಾನು ಕಲ್ಲಿನ ಮೇಲೆ ಕೂತೆ. ಇಬ್ಬರ ಪಾಲಿನ ತಟ್ಟೆಗಳನ್ನು ಒಬ್ಬನೇ ತಿಕ್ಕಿದೆ. ಸಿಟ್ಟಿಗೆ ನಾರು ಕೈಯಲ್ಲೇ ಪುಡಿಯಾಗುತ್ತಿತ್ತು.

ಆಮೇಲೆ ಹೋಟೆಲಿಗೆ ಪ್ರೇತ ಬಂತು. ಹಾಲು ಒಡೆಯಿತು, ಪ್ರೇತ. ಧನಿಗಳ ಮಗಳಿಗೆ ಜ್ವರ ಬಂತು, ಪ್ರೇತ. ಬೆಳಗಿನ ಜಾವ ಹಿತ್ತಿಲಲ್ಲಿ ಯಾರೋ ತಟ್ಟೆ ತಿಕ್ಕುವ ಸದ್ದು ಕೇಳುತ್ತದೆ ಎಂದು ಭಟ್ಟರು ಹೆದರಿ ಹೇಳಿದರು. ಅದು ನಾನೇ. ಅಷ್ಟು ವರ್ಷ ಆ ಸದ್ದು ಅವರ ಕಿವಿಗೆ ಬಿದ್ದಿರಲಿಲ್ಲ. ಮುದ್ದಣ್ಣ ಸತ್ತ ಮೇಲೆ ಬಿತ್ತು.

ನಿಜವಾಗಿ ಮುದ್ದಣ್ಣ ಹಿಡಿದದ್ದು ಒಬ್ಬನನ್ನು. ಜಯಕರನನ್ನು. ಅವನು ಅಣಕಿಸುವುದನ್ನು ಬಿಟ್ಟಿದ್ದ. ಹೇಳಿದ ತಿಂಡಿ ಮರೆತು ಮೇಜಿನ ಮುಂದೆ ಸುಮ್ಮನೆ ನಿಲ್ಲುತ್ತಿದ್ದ, ಗಿರಾಕಿಗಳು ಬೈಯುತ್ತಿದ್ದರು. ತಟ್ಟೆಯಲ್ಲಿ ಅನ್ನ ಹಾಗೇ ಇರುತ್ತಿತ್ತು. ಅವನ ಎಂಜಲನ್ನು ತೊಳೆಯುವವನು ನಾನಲ್ಲವೇ, ನನಗೆ ತಿಳಿಯುತ್ತಿತ್ತು. ಒಂದು ದಿನ ಹೊಸ್ತಿಲು ದಾಟಿ ನಮ್ಮ ಹಿತ್ತಿಲಿಗೆ ಬಂದ. ಕೈಯಲ್ಲಿ ಅವನ ಒಳ್ಳೆಯ ಟೆರಿಲಿನ್ ಅಂಗಿ. ಹಬ್ಬಕ್ಕೆ ಮಾತ್ರ ಹಾಕುತ್ತಿದ್ದದ್ದು.

"ಶೀನಣ್ಣ, ಇದನ್ನು ನೀನು ಇಟ್ಕೋ. ನನಗೆ ಬೇಡ."

ಅಲ್ಲಿಯವರೆಗೆ ನಾನು ಅವನಿಗೆ ಬರೀ ಶೀನ. ನಾನು ತಟ್ಟೆ ಕೆಳಗಿಟ್ಟೆ.

ಅವನು ಮುದ್ದಣ್ಣನ ಕಲ್ಲಿನ ಮೇಲೆ ಕೂತ. "ನೀನು ಹೇಳಿದ್ದೆ, ಅವನು ಹೇಳಿದ್ದನ್ನು ಕೇಳು ಅಂತ. ಒಂದು ಸಾಯಂಕಾಲ ಅವನಾಗಿಯೇ ಬಂದ. ಜಯಕರ, ಒಂದು ಮಾತು ಉಂಟು ಅಂದ. ಎಲ್ಲ ಅಲ್ಲೇ ಇದ್ರು. ಕೃಷ್ಣರಾಜಣ್ಣ, ಓ ಬಂದಳು ನಿನ್ನ ಮುದ್ದಮ್ಮ ಅಂದ್ರು. ನಾನು ಮೇಜು ಒರೆಸುವ ಬಟ್ಟೆಯನ್ನೇ ತಲೆಗೆ ಸೆರಗಿನ ಹಾಗೆ ಹಾಕಿ ಅತ್ತು ತೋರಿಸಿದೆ. ಎಲ್ಲ ನಗಾಡಿದ್ರು. ಅವನೂ ನಗಾಡಿದ, ಶೀನಣ್ಣ. ನಗಾಡಿ ಹೋದ. ಮರುದಿನ..." ಅವನಿಗೆ ಅಳು ಬರಲಿಲ್ಲ. ಬರಬಾರದಲ್ಲ, ಹೋಟೆಲಿನ ಒಳಗೆ.

ಅವನ ಮೇಲೆ ಸಿಟ್ಟು ಬರಲಿಲ್ಲವೇ ಎಂದರೆ ಬಂತು. ತಟ್ಟೆ ಎತ್ತಿ ಮುಖಕ್ಕೆ ಬೀಸಬೇಕು ಅನ್ನಿಸಿತು. ಆದರೆ ಅವನ ಕಣ್ಣು ನೋಡಿದೆ. ಆ ಕಣ್ಣನ್ನು ನಾನು ಮೊದಲೇ ನೋಡಿದ್ದೆ, ಅದೇ ಕಲ್ಲಿನ ಮೇಲೆ. ಇವನೂ ಹೋಗುತ್ತಾನೆ ಎಂದು ನನಗೆ ಖಚಿತವಾಯಿತು. ಅಂಗಿಯನ್ನು ತೆಗೆದುಕೊಳ್ಳಲಿಲ್ಲ. ನೇರವಾಗಿ ಧನಿಗಳ ಹತ್ತಿರ ಹೋದೆ.

"ಧನಿಗಳೇ, ಜಯಕರನೂ ಮುದ್ದಣ್ಣನ ಹಾಗೇ ಆಗಿದ್ದಾನೆ. ಅವನನ್ನು ಊರಿಗೆ ಕಳಿಸಿ. ಊರಲ್ಲಿ ತಾಯಿ ಇದ್ದಾಳೆ. ಒಬ್ಬನೇ ಬೇಡ, ಜೊತೆಗೆ ನಾನು ಹೋಗ್ತೇನೆ."

ಧನಿಗಳು ನನ್ನ ಮುಖ ನೋಡಿ ತಲೆಯಾಡಿಸಿದರು. ಅವರ ಕಣ್ಣಲ್ಲಿ ನಿಜವಾದ ಹೆದರಿಕೆ ಇತ್ತು. "ನೋಡಿದ್ಯಾ, ನಿನಗೂ ಗೊತ್ತಾಯ್ತು. ಅದೇ ಪ್ರೇತ. ಅವನನ್ನೂ ಹಿಡಿದಿದೆ. ಊರಿಗೆ ಕಳಿಸಿದ್ರೆ ಬಿಡ್ತದಾ? ತ್ರ್ಯಂಬಕದಲ್ಲಿ ನಾರಾಯಣ ಬಲಿ ಮಾಡಿಸ್ತೇನೆ. ಪುರೋಹಿತರ ಹತ್ರ ಮಾತಾಡಿದ್ದೇನೆ. ಸತ್ತವನ ಕಡೆಯವ ಒಬ್ಬ ಕೂರಬೇಕಂತೆ. ನೀನು ಕೂತ್ಕೊ. ಜಾತಿ ಕೇಳಿದ್ರೆ ನೀನು ಸುಮ್ನಿರು, ನಾನು ಹೇಳ್ತೇನೆ."

ಒಪ್ಪಿದೆ. ಮುದ್ದಣ್ಣನಿಗೆ ಯಾರೂ ಏನೂ ಮಾಡಿರಲಿಲ್ಲ, ಇಷ್ಟಾದರೂ ಆಗಲಿ ಎಂದುಕೊಂಡೆ. ಜಯಕರನನ್ನು ಒಂದು ಗಳಿಗೆಯೂ ಬಿಡಲಿಲ್ಲ. ತೊಟ್ಟಿಯ ಹತ್ತಿರವೇ ಕೂರಿಸಿಕೊಂಡೆ. ಮೇಲುಜಾತಿಯವನು ಮುಸುರೆಯ ಪಕ್ಕ ಕೂತದ್ದನ್ನು ನೋಡಿ ಇದೂ ಪ್ರೇತದ್ದೇ ಚೇಷ್ಟೆ ಎಂದರು.

ಆ ದಿನ ಹೋಟೆಲಿನ ಬಾಗಿಲಿಗೆ ಬೋರ್ಡು ಹಾಕಿದರು. ಮರಾಠಿಯಲ್ಲಿ ದೊಡ್ಡದಾಗಿ, ಇಂದು ರಜೆ. ಆ ಹೋಟೆಲಿಗೂ ರಜೆ ಎಂಬುದೊಂದು ಉಂಟು ಎಂದು ನನಗೆ ಅಂದೇ ಗೊತ್ತಾದದ್ದು. ಬದುಕಿದ್ದವನು ಹೆಂಡತಿ ಸತ್ತಳೆಂದು ಕೇಳಿದಾಗ ಇರಲಿಲ್ಲ. ಸತ್ತವನನ್ನು ಓಡಿಸಲು ಇತ್ತು.

ತ್ರ್ಯಂಬಕದಲ್ಲಿ ನನಗೆ ಸ್ನಾನ ಮಾಡಿಸಿ ಹೊಸ ಬಿಳಿ ಪಂಚೆ ಉಡಿಸಿದರು. ಮಂತ್ರ ಹೇಳಿಸಿದರು. ಆಮೇಲೆ ಪುರೋಹಿತರು ಗೋಧಿ ಹಿಟ್ಟು ಕಲಸಿ ಮನುಷ್ಯನನ್ನು ಮಾಡಿದರು. ತಲೆ, ಎರಡು ಕೈ, ಎರಡು ಕಾಲು. ಎಲೆಯ ಮೇಲೆ ಮಲಗಿಸಿ ಹೆಸರು ಕೇಳಿದರು. "ಮುದ್ದಣ್ಣ," ಎಂದರು ಧನಿಗಳು. ಆ ಗಳಿಗೆಯಿಂದ ಹಿಟ್ಟು ಮುದ್ದಣ್ಣನಾಯಿತು. ಕೈಬೆರಳು ಮಾಡಿರಲಿಲ್ಲ. ಒಳ್ಳೆಯದಾಯಿತು ಅಂದುಕೊಂಡೆ, ಕೊಳೆಯುವುದಿಲ್ಲ.

ಧನಿಗಳು ಬಗ್ಗಿ ಆ ಹಿಟ್ಟನ್ನು ಮುಟ್ಟಿದರು. ಎರಡೂ ಕೈಯಿಂದ ಮುಟ್ಟಿ ನಮಸ್ಕಾರ ಮಾಡಿದರು. ಭಟ್ಟರು ಮುಟ್ಟಿದರು. ಕೃಷ್ಣರಾಜ ಮುಟ್ಟಿದ. ಅಷ್ಟು ವರ್ಷ ಇವರಲ್ಲಿ ಒಬ್ಬರ ಕೈ ಮುದ್ದಣ್ಣನಿಗೆ ತಾಗಿದ್ದು ಒಂದೇ ಸಲ, ಕೆನ್ನೆಗೆ.

"ಆತಾ ರಡಾ," ಎಂದರು ಪುರೋಹಿತರು. ಈಗ ಅಳಿ ಎಂದು. ಹೆಣ ಎದುರಿಗಿದೆ ಎಂದು ತಿಳಿದು ಅಳಬೇಕು, ಆಗ ಮಾತ್ರ ಅವನಿಗೆ ಬಿಡುಗಡೆ. ಬಡ ಬ್ರಾಹ್ಮಣ, ಅವರ ಕೆಲಸ ಅವರು ಮಾಡುತ್ತಿದ್ದರು. ಧನಿಗಳು ಅತ್ತರು. ನಾಟಕವಲ್ಲ, ಹೆದರಿಕೆಗೆ ನಿಜವಾಗಿಯೇ ಅತ್ತರು. ಸೀರೆ ತರಿಸ್ಲಾ ಎಂದು ಕೇಳಿದ ಕೃಷ್ಣರಾಜನೂ ಅಂಗವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಭುಜ ಕುಣಿಸಿದ.

ಪುರೋಹಿತರು ನನ್ನ ಕಡೆ ತಿರುಗಿದರು. ಕ್ರಿಯೆಗೆ ಕೂತವನು ಅಳಲೇಬೇಕು. "ರಡಾ ಬಾಬಾ."

"ಇಲ್ಲ," ಎಂದೆ.

ಧನಿಗಳು ಕಣ್ಣು ಒರೆಸಿಕೊಂಡು, "ಏ ಶೀನ, ಅಳು ಮಾರಾಯ, ಬೇಗ," ಎಂದರು.

"ಅಳುದಿಲ್ಲ ಧನಿಗಳೇ. ಇದು ಹಿಟ್ಟು. ಮುದ್ದಣ್ಣ ಅತ್ತಾಗ ಬಾಯಿ ಮುಚ್ಚು ಅಂದ್ರಿ. ಅವನಿಗೆ ಸೀರೆ ಉಡಿಸ್ಲಿಕ್ಕೆ ಹೊರಟ್ರಿ. ಈಗ ಹಿಟ್ಟಿನ ಎದುರು ಗಂಡಸರೆಲ್ಲ ಕೂತು ಅಳ್ತಾ ಇದ್ದೀರಿ. ಆ ದಿನ ಇದರಲ್ಲಿ ಕಾಲುಪಾಲು ಅಳ್ಲಿಕ್ಕೆ ಬಿಟ್ಟಿದ್ರೆ ಅವನು ಈಗ ತಟ್ಟೆ ತಿಕ್ತಾ ಇರ್ತಿದ್ದ."

"ಪ್ರೇತದ ಎದುರು ಎಂಥ ಮಾತು ಇದು? ಬೆಂಕಿ ಕೊಡು, ಮತ್ತೆ ಬರಬೇಡ ಅಂತ ಹೇಳು. ಮುಗೀತು."

"ಬರಬೇಡ ಅಂತ ನಾನು ಹೇಳುದಿಲ್ಲ. ಅವನು ಬಂದ್ರೆ ನನ್ನ ಎದುರಿನ ಕಲ್ಲಿನ ಮೇಲೆ ಕೂತ್ಕೊಳ್ಳಿ. ನನಗೆ ಅವನು ಬೇಕು. ಬೇಡ ಅನ್ನುವವರು ನೀವೇ ಬೆಂಕಿ ಕೊಡಿ."

ನಾನು ಎದ್ದೆ. ಪಂಚೆ ಹೊಸದು, ಕಾಲಿಗೆ ತೊಡರಿತು. ಜೀವಮಾನದಲ್ಲಿ ಮೊದಲ ಸಲ ಧನಿಗಳ ಎದುರು ಬಗ್ಗದೆ, ಕೈ ಕಟ್ಟದೆ, ನೆಟ್ಟಗೆ ನಿಂತೆ. ಅವರು ಕೈ ಎತ್ತಿದರು. ಪುರೋಹಿತರು ನೋಡುತ್ತಿದ್ದರಿಂದ ಇಳಿಸಿದರು. ಮುಹೂರ್ತ ಮೀರುತ್ತಿತ್ತು, ಹಿಂದೆ ಇನ್ನೊಂದು ಮನೆಯವರು ಕಾಯುತ್ತಿದ್ದರು. ಕೊನೆಗೆ ಧನಿಗಳೇ ಬೆಂಕಿ ಇಟ್ಟರು. ಹಿಟ್ಟು ಕರಿಯಾಯಿತು. ಹೋಟೆಲಿನಲ್ಲಿ ರೊಟ್ಟಿ ಹೊತ್ತಿದಾಗ ಬರುವ ವಾಸನೆ ಬಂತು.

ಆಗ ಜಯಕರ ಅತ್ತ.

ಗೋಡೆಗೆ ಒರಗಿ ಕೂತಿದ್ದವನು ಅಲ್ಲೇ ನೆಲಕ್ಕೆ ಬಿದ್ದು ಅತ್ತ. ಮುದ್ದಣ್ಣ ತೊಟ್ಟಿಯ ಮುಂದೆ ಅತ್ತದ್ದೂ ಹೀಗೆಯೇ. ಧನಿಗಳ ಮುಖ ಅರಳಿತು. "ಹಾಂ, ಬಿಟ್ಟಿತು, ಅವನನ್ನು ಬಿಟ್ಟಿತು," ಎಂದರು. ಪುರೋಹಿತರೂ ಒಳ್ಳೆಯದಾಯಿತು ಎಂದರು. ಎಲ್ಲರೂ ಸ್ನಾನಕ್ಕೆ ಹೋದರು, ಬಂದರು, ಒದ್ದೆ ಬಟ್ಟೆ ಹಿಂಡಿದರು. ಜಯಕರ ಅಳುತ್ತಲೇ ಇದ್ದ.

"ಸಾಕು, ಏಳು," ಎಂದರು ಧನಿಗಳು. "ಬಸ್ಸಿಗೆ ಹೊತ್ತಾಯ್ತು. ಸಾಯಂಕಾಲಕ್ಕೆ ಹೋಟೆಲು ತೆರೀಬೇಕು."

ಅವನಿಗೆ ಏಳಲಾಗಲಿಲ್ಲ.

ಕೃಷ್ಣರಾಜ ಅವನ ರಟ್ಟೆ ಹಿಡಿದ. "ಪ್ರೇತ ಹೋಯ್ತಲ್ಲ, ಇನ್ನು ಯಾಕೆ ಹೆಂಗಸಿನ ಹಾಗೆ..."

ನಾನು ಅವನ ಕೈ ಬಿಡಿಸಿದೆ. ಮುಸುರೆ ತಿಕ್ಕುವವನ ಕೈ ಅವನ ಮಣಿಕಟ್ಟಿಗೆ ತಾಗಿತು. ಅವನು ಕೈಯನ್ನು ನೋಡಿಕೊಂಡ, ಈಗಷ್ಟೇ ಸ್ನಾನವಾಗಿತ್ತಲ್ಲ.

"ಇವನು ಅತ್ತು ಮುಗಿಸುವ ತನಕ ಏಳುದಿಲ್ಲ," ಎಂದೆ. "ನಾನೂ ಏಳುದಿಲ್ಲ. ನೀವು ಹೋಗಿ."

"ಸಾಯಂಕಾಲ ಬರದಿದ್ರೆ ಮತ್ತೆ ಬರುದೇ ಬೇಡ. ಇಬ್ಬರೂ," ಎಂದರು ಧನಿಗಳು.

ಹೋದರು. ಬಸ್ಸು ಹೊರಟ ಸದ್ದು ಕೇಳಿಸಿತು. ಜಯಕರ ತಲೆ ಎತ್ತಿದ. ಮುಖವೆಲ್ಲ ಮಣ್ಣು. "ನೀನು ಹೋಗು ಶೀನಣ್ಣ. ನಿನ್ನ ಕೆಲಸ ಹೋಗ್ತದೆ."

"ಹೋಗ್ಲಿ. ಎಂಜಲು ಎಲ್ಲ ಊರಲ್ಲೂ ಉಂಟು."

ಅವನು ಮುಖದ ಮಣ್ಣು ಒರೆಸಿಕೊಂಡ. ಆಮೇಲೆ ಹೇಳಿದ. "ನಾನು ಸಾಯ್ಬೇಕಂತ ಇದ್ದೆ."

"ಗೊತ್ತುಂಟು. ಹೇಳು."

"ನಿನಗೆ ನನ್ನ ಮೇಲೆ ಸಿಟ್ಟಿಲ್ವಾ?"

"ಉಂಟು. ಅದು ಇರ್ಲಿ. ನೀನೂ ಇರು. ಹೇಳು."

ಹೇಳಿದ. ಬಟ್ಟೆ ತಲೆಗೆ ಹಾಕಿದ್ದನ್ನು ಮತ್ತೆ ಹೇಳಿದ. ನಿದ್ದೆ ಬಾರದ್ದನ್ನು ಹೇಳಿದ. ತಾಯಿಯ ಬಗ್ಗೆ, ಸಣ್ಣವನಿದ್ದಾಗ ಅಳುತ್ತಿದ್ದವನನ್ನು ಅಪ್ಪ ಹಟ್ಟಿಯಲ್ಲಿ ದನಗಳ ಜೊತೆ ಕಟ್ಟಿ ಹಾಕಿದ್ದರ ಬಗ್ಗೆ ಹೇಳಿದ. ಹೇಳಿದ್ದನ್ನೇ ಹೇಳಿದ. ನಾನು ಹಾಂ ಅನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೂ ಗೊತ್ತಿರಲಿಲ್ಲ. ಬಿಸಿಲು ಇಳಿಯಿತು. ಹಸಿವಾಯಿತು ಎಂದ. ಆ ಒಂದು ಮಾತು ಕೇಳಿ ನನಗೆ ಅಳು ಬಂತು. ಬಾಯಿ ತೆರೆದು ಅತ್ತೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಇಬ್ಬರು ಗಂಡಸರು ಬೀದಿಬದಿ ಕೂತು ಅಳುತ್ತಿದ್ದರು, ನೋಡಲಿ.

ಊರಿನಲ್ಲಿ ಜಯಕರನನ್ನು ತಾಯಿಯ ಕೈಗೆ ಒಪ್ಪಿಸಿ ಬಂದೆ. ಅವನು ಈಗಲೂ ಇದ್ದಾನೆ. ಮುದ್ದಣ್ಣ ಇಲ್ಲ. ಅವನು ಕೇಳಿದ್ದು ಇಷ್ಟೇ. ಅವನ ಪಕ್ಕದಲ್ಲಿ ಒಬ್ಬ ಕೂರಬೇಕಿತ್ತು, ಸಾಕು ಅನ್ನದೆ.